ಹಾರ್ಮೋನ್ ತೊಂದರೆಯಿಂದ ಕೂದಲು ಉದುರಿದರೆ ಪುಷ್ಟಿ ಮಾತ್ರೆ ಕೆಲಸ ಮಾಡುತ್ತದೆಯೇ?

ಕಾಸರಗೋಡಿನಲ್ಲಿ ‘ಮುಡಿ ಕೊಳಿಚ್ಚಿಲ್’, ತಾಳವಾಡಿ, ಹೊಸೂರುಗಳಲ್ಲಿ ‘ಮುಡಿ ಉದಿರ್ದಲ್’, ಸೊಲ್ಲಾಪುರ, ಜತ್ತಗಳಲ್ಲಿ ‘ಕೇಸ್ ಗಳಣೆ’, ಆದೋನಿ, ರಾಯದುರ್ಗದ ಕಡೆ ‘ಜುಟ್ಟು ರಾಲಡಂ’. ಗಡಿನಾಡಿನ ಕನ್ನಡಿಗರಿಗೆ ಈ ಹೆಸರುಗಳು ಹೊಸತಲ್ಲ. ಪತ್ರಿಕೆ, ಟಿ.ವಿ., ಮೊಬೈಲ್ ಎಲ್ಲದರಲ್ಲೂ ಈ ಹೆಸರಿನಲ್ಲಿ ಜಾಹೀರಾತುಗಳು ಬರುತ್ತಲೇ ಇರುತ್ತವೆ. ಭಾಷೆ ಯಾವುದಾದರೂ ಹೇಳುವ ಮಾತು ಒಂದೇ: ದಿನಕ್ಕೊಂದು ಮಾತ್ರೆ ನುಂಗಿ, ಕೆಲವೇ ತಿಂಗಳಲ್ಲಿ ಸೊಂಪಾದ ಕೂದಲು ಪಡೆಯಿರಿ.

ಈ ಮಾತ್ರೆಗಳಲ್ಲಿ ಬಹುಪಾಲು ಔಷಧಗಳಲ್ಲ. ವಿಟಮಿನ್, ಖನಿಜ, ಗಿಡಮೂಲಿಕೆಯ ಸಾರ ಸೇರಿಸಿದ ಪೂರಕ ಆಹಾರಗಳು. ಇವು ಹಾರ್ಮೋನಿನಿಂದ ಆಗುವ ಕೂದಲು ಉದುರುವಿಕೆಯನ್ನು ನಿಲ್ಲಿಸುತ್ತವೆಯೇ ಎಂಬ ಪ್ರಶ್ನೆಗೆ ಚಿಕ್ಕ ಉತ್ತರ ಹೀಗಿದೆ: ದೇಹದಲ್ಲಿ ಯಾವುದಾದರೂ ಪೋಷಕಾಂಶದ ಕೊರತೆ ಇದ್ದರೆ ಆ ಕೊರತೆಯನ್ನು ಇವು ತುಂಬಬಲ್ಲವು. ಕೊರತೆ ಇಲ್ಲದಿದ್ದರೆ ಹಾರ್ಮೋನಿನ ಕೆಲಸವನ್ನು ತಡೆಯುವ ಶಕ್ತಿ ಇವುಗಳಿಗೆ ಇದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಆದ್ದರಿಂದ ಮಾತ್ರೆ ಕೊಳ್ಳುವ ಮೊದಲು ಕಾರಣ ತಿಳಿದುಕೊಳ್ಳುವುದು ಮುಖ್ಯ. ದೀರ್ಘ ಉತ್ತರ ಮುಂದಿದೆ.

ಕೂದಲು ಬೆಳೆಯುವ ಕ್ರಮ

ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಪ್ರತಿ ಕೂದಲೂ ಚರ್ಮದೊಳಗಿನ ಒಂದು ಸಣ್ಣ ಕುಳಿಯಿಂದ ಹುಟ್ಟುತ್ತದೆ. ಇದನ್ನೇ ಕೂದಲಿನ ಬುಡ ಎನ್ನುತ್ತೇವೆ. ಒಂದು ಕೂದಲು 2ರಿಂದ 6 ವರ್ಷ ಬೆಳೆಯುತ್ತದೆ. ನಂತರ ಎರಡು ಮೂರು ವಾರಗಳಲ್ಲಿ ಬೆಳವಣಿಗೆ ನಿಲ್ಲುತ್ತದೆ. ಸುಮಾರು 3 ತಿಂಗಳು ವಿಶ್ರಾಂತಿಯಲ್ಲಿದ್ದು ಉದುರುತ್ತದೆ. ಅದೇ ಜಾಗದಲ್ಲಿ ಹೊಸ ಕೂದಲು ಹುಟ್ಟುತ್ತದೆ.

ಹೀಗಾಗಿ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬಾಚಣಿಗೆಯಲ್ಲಿ ನಾಲ್ಕು ಕೂದಲು ಕಂಡ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಬೈತಲೆ ಅಗಲವಾಗುತ್ತಾ ಹೋದರೆ, ಹಣೆಯ ಎರಡೂ ಬದಿ ಖಾಲಿಯಾದರೆ, ನೆತ್ತಿ ಕಾಣಿಸತೊಡಗಿದರೆ ಅಥವಾ ಸ್ನಾನ ಮಾಡುವಾಗ ಮುಷ್ಟಿ ತುಂಬ ಕೂದಲು ಬಂದರೆ ಗಮನ ಕೊಡಬೇಕು.

ಕೂದಲಿನ ಈ ಚಕ್ರದಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಊಟ ಬಿಟ್ಟು ತೂಕ ಇಳಿಸುವುದು ಇವುಗಳಿಂದ ಕೂದಲು ಉದುರುವುದು ಎರಡು ಮೂರು ತಿಂಗಳ ನಂತರ. ಅದು ಹೆಚ್ಚಾಗಿ ತಾನಾಗಿಯೇ ನಿಲ್ಲುತ್ತದೆ. ಆ ಹೊತ್ತಿಗೆ ಮಾತ್ರೆ ಆರಂಭಿಸಿದವರು ಅದರಿಂದಲೇ ಗುಣವಾಯಿತು ಎಂದು ತಿಳಿಯುತ್ತಾರೆ. ಮಾತ್ರೆಗಳಿಗೆ ಒಳ್ಳೆಯ ಹೆಸರು ಬರಲು ಇದೂ ಒಂದು ಕಾರಣ.

ಹಾರ್ಮೋನಿಗೂ ಕೂದಲಿಗೂ ಏನು ಸಂಬಂಧ?

ಹಾರ್ಮೋನಿನಿಂದ ಕೂದಲು ಉದುರುವುದು ಎಂದರೆ ಒಂದೇ ಕಾಯಿಲೆಯಲ್ಲ. ಮುಖ್ಯವಾಗಿ ನಾಲ್ಕು ಬಗೆಗಳಿವೆ. ಪ್ರತಿಯೊಂದಕ್ಕೂ ಪರಿಹಾರ ಬೇರೆ.

1. ಗಂಡಸರ ಬೋಳುತಲೆ: ಟೆಸ್ಟೋಸ್ಟೆರೋನ್ ಎಂಬ ಗಂಡು ಹಾರ್ಮೋನ್ ದೇಹದಲ್ಲಿ ಡಿ.ಎಚ್.ಟಿ. ಎಂಬ ಇನ್ನೂ ಪ್ರಬಲವಾದ ರೂಪಕ್ಕೆ ಬದಲಾಗುತ್ತದೆ. ವಂಶದಿಂದ ಬಂದ ಗುಣವಿದ್ದವರಲ್ಲಿ ಈ ಡಿ.ಎಚ್.ಟಿ. ನೆತ್ತಿ ಮತ್ತು ಹಣೆಯ ಕೂದಲಿನ ಬುಡಗಳನ್ನು ವರ್ಷದಿಂದ ವರ್ಷಕ್ಕೆ ಸಣ್ಣದಾಗಿಸುತ್ತದೆ. ದಪ್ಪ ಕೂದಲು ತೆಳುವಾಗಿ, ಕೊನೆಗೆ ನವಿರಾದ ರೋಮವಾಗುತ್ತದೆ.

ಇದು ಗೊತ್ತಾದ ಬಗೆ ಕುತೂಹಲಕಾರಿ. ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಎಂಬ ವಿಜ್ಞಾನಿ 1942ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪ್ರಾಯಕ್ಕೆ ಬರುವ ಮೊದಲೇ ವೃಷಣಗಳ ಕೆಲಸ ನಿಂತುಹೋದ ಗಂಡಸರ ತಲೆ ಬೋಳಾಗಿರಲಿಲ್ಲ. ಅವರಿಗೆ ಟೆಸ್ಟೋಸ್ಟೆರೋನ್ ಕೊಟ್ಟಾಗ, ಮನೆತನದಲ್ಲಿ ಬೋಳುತಲೆ ಇದ್ದವರಿಗೆ ಕೂದಲು ಉದುರತೊಡಗಿತು. ಹಾರ್ಮೋನ್ ಮತ್ತು ವಂಶ ಎರಡೂ ಸೇರಿದರೆ ಮಾತ್ರ ಬೋಳುತಲೆ ಎಂಬುದು ಇದರಿಂದ ಸ್ಪಷ್ಟವಾಯಿತು. 1974ರಲ್ಲಿ ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳ ವಿಷಯ ಬೆಳಕಿಗೆ ಬಂತು. ಅಲ್ಲಿ ಟೆಸ್ಟೋಸ್ಟೆರೋನನ್ನು ಡಿ.ಎಚ್.ಟಿ. ಆಗಿ ಬದಲಾಯಿಸುವ ಕಿಣ್ವ ಹುಟ್ಟಿನಿಂದಲೇ ಕೊರತೆಯಾಗಿದ್ದ ಗಂಡಸರಿಗೆ ಹಣೆಯ ಕೂದಲು ಹಿಂದೆ ಸರಿಯುತ್ತಿರಲಿಲ್ಲ. ಇದೇ ಜ್ಞಾನದಿಂದ ಮುಂದೆ ಫಿನಾಸ್ಟೆರೈಡ್ ಎಂಬ ಔಷಧ ಹುಟ್ಟಿತು.

2. ಹೆಂಗಸರಲ್ಲಿ ಬೈತಲೆ ಅಗಲವಾಗುವುದು: ಹೆಂಗಸರಲ್ಲಿ ಹಣೆಯ ಅಂಚು ಉಳಿದು ನಡುನೆತ್ತಿ ತೆಳುವಾಗುತ್ತದೆ. ಮುಟ್ಟು ನಿಂತ ಮೇಲೆ ಇದು ಹೆಚ್ಚು. ಹರೆಯದಲ್ಲೇ ಹೀಗಾದರೆ, ಜೊತೆಗೆ ಮುಟ್ಟು ಸರಿಯಾಗಿ ಆಗದಿದ್ದರೆ, ಗಲ್ಲದ ಮೇಲೆ ಕೂದಲು, ಬಿಡದ ಮೊಡವೆ ಇದ್ದರೆ ಪಿ.ಸಿ.ಓ.ಎಸ್. ಎಂಬ ಅಂಡಾಶಯದ ತೊಂದರೆ ಇರಬಹುದು. ಇದರಲ್ಲಿ ಗಂಡು ಹಾರ್ಮೋನಿನ ಅಂಶ ಹೆಚ್ಚಿರುತ್ತದೆ. ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವವೂ ಹೆಚ್ಚು. ಆದ್ದರಿಂದ ಇಲ್ಲಿ ಕೂದಲು ಒಂದು ಸೂಚನೆ ಮಾತ್ರ.

3. ಥೈರಾಯ್ಡ್: ಈ ಗ್ರಂಥಿ ಕಡಿಮೆ ಕೆಲಸ ಮಾಡಿದರೂ ಹೆಚ್ಚು ಕೆಲಸ ಮಾಡಿದರೂ ತಲೆಯ ಎಲ್ಲ ಕಡೆ ಕೂದಲು ಉದುರುತ್ತದೆ. ಕಡಿಮೆಯಾದಾಗ ಸುಸ್ತು, ಮೈ ಭಾರ, ಚಳಿ ತಡೆಯದಿರುವುದು, ಮಲಬದ್ಧತೆ, ಒಣ ಚರ್ಮ, ಹುಬ್ಬಿನ ಹೊರತುದಿ ತೆಳುವಾಗುವುದು ಇವೆಲ್ಲ ಕಾಣಿಸಬಹುದು.

4. ಬಾಣಂತಿಯ ಕೂದಲು: ಬಸುರಿನಲ್ಲಿ ಈಸ್ಟ್ರೋಜನ್ ಹೆಚ್ಚಿರುವುದರಿಂದ ಕೂದಲು ಉದುರುವುದು ಕಡಿಮೆಯಾಗುತ್ತದೆ. ಹೆರಿಗೆಯ ನಂತರ ಆ ಹಾರ್ಮೋನ್ ಒಮ್ಮೆಲೇ ಇಳಿಯುತ್ತದೆ. ಎರಡರಿಂದ ನಾಲ್ಕು ತಿಂಗಳಾಗುವಾಗ ಕಂತೆ ಕಂತೆಯಾಗಿ ಕೂದಲು ಬರುತ್ತದೆ. ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಬಹುತೇಕರಿಗೆ ಸರಿಯಾಗುತ್ತದೆ. ಮಗುವಿಗೆ ಹಾಲು ಕೊಡುವುದನ್ನು ಇದಕ್ಕಾಗಿ ನಿಲ್ಲಿಸಬೇಕಾಗಿಲ್ಲ.

ಮಾತ್ರೆಯಲ್ಲಿ ಇರುವುದೇನು? ಅಧ್ಯಯನಗಳು ಏನು ಹೇಳುತ್ತವೆ?

ಬಯೋಟಿನ್: ಕೂದಲಿನ ಮಾತ್ರೆಗಳಲ್ಲಿ ಹೆಚ್ಚು ಮಾರಾಟವಾಗುವುದು ಇದೇ. ಇದು ಬಿ ಗುಂಪಿನ ಒಂದು ವಿಟಮಿನ್. ದೊಡ್ಡವರಿಗೆ ದಿನಕ್ಕೆ 30 ಮೈಕ್ರೋಗ್ರಾಂ ಸಾಕು ಎಂದು ಅಮೆರಿಕದ ಪೋಷಣಾ ತಜ್ಞರ ಲೆಕ್ಕ. ಮೊಟ್ಟೆ, ಕಡಲೆಕಾಯಿ, ಕಾಳು, ಹಾಲಿನಿಂದ ಅಷ್ಟು ಸಿಗುತ್ತದೆ. ಅಂಗಡಿಯ ಮಾತ್ರೆಯಲ್ಲಿ 10,000 ಮೈಕ್ರೋಗ್ರಾಂ, ಎಂದರೆ ಬೇಕಾದುದರ 300 ಪಟ್ಟಿಗಿಂತ ಹೆಚ್ಚು ಇರುವುದೂ ಉಂಟು. 2017ರಲ್ಲಿ ಪ್ರಕಟವಾದ ಒಂದು ವಿಮರ್ಶೆ, ಬಯೋಟಿನ್‌ನಿಂದ ಕೂದಲು ಅಥವಾ ಉಗುರು ಸುಧಾರಿಸಿದ 18 ಪ್ರಕರಣಗಳನ್ನು ಒಟ್ಟುಗೂಡಿಸಿತು. ಆ 18 ಜನರಿಗೂ ಹುಟ್ಟಿನಿಂದ ಬಂದ ಕಿಣ್ವದ ದೋಷ ಅಥವಾ ಬೇರೊಂದು ಕಾಯಿಲೆ ಇತ್ತು. ಆರೋಗ್ಯವಂತರಿಗೆ ಇದರಿಂದ ಕೂದಲು ಬೆಳೆಯುತ್ತದೆ ಎನ್ನಲು ಸಾಕಷ್ಟು ಸಾಕ್ಷ್ಯ ಸಿಗಲಿಲ್ಲ.

ಸಾ ಪಾಲ್ಮೆಟೊ: ಅಮೆರಿಕದಲ್ಲಿ ಬೆಳೆಯುವ ಒಂದು ಕುಳ್ಳು ತಾಳೆಯ ಹಣ್ಣಿನ ಸಾರ. ಡಿ.ಎಚ್.ಟಿ. ತಯಾರಾಗುವುದನ್ನು ಸ್ವಲ್ಪ ತಡೆಯುತ್ತದೆ ಎನ್ನಲಾಗಿದೆ. 2012ರಲ್ಲಿ ಇಟಲಿಯ ವೈದ್ಯರು 100 ಗಂಡಸರ ಮೇಲೆ ಎರಡು ವರ್ಷ ನಡೆಸಿದ ಹೋಲಿಕೆಯಲ್ಲಿ ಸಾ ಪಾಲ್ಮೆಟೊ ತೆಗೆದುಕೊಂಡವರಲ್ಲಿ ನೂರಕ್ಕೆ 38 ಮಂದಿಗೆ, ಫಿನಾಸ್ಟೆರೈಡ್ ತೆಗೆದುಕೊಂಡವರಲ್ಲಿ ನೂರಕ್ಕೆ 68 ಮಂದಿಗೆ ಕೂದಲು ಹೆಚ್ಚಿತು. ಆದರೆ ಈ ಅಧ್ಯಯನದಲ್ಲಿ ಔಷಧವಿಲ್ಲದ ಖಾಲಿ ಮಾತ್ರೆ ಕೊಟ್ಟ ಗುಂಪು ಇರಲಿಲ್ಲ. ಹಾಗಾಗಿ 38ರಲ್ಲಿ ಮಾತ್ರೆಯ ಪಾಲೆಷ್ಟು ಎಂದು ಹೇಳುವುದು ಕಷ್ಟ.

ಕುಂಬಳ ಬೀಜದ ಎಣ್ಣೆ: ಸಿಹಿಗುಂಬಳದ ಬೀಜದಿಂದ ತೆಗೆಯುವ ಎಣ್ಣೆ ಇದು. 2014ರಲ್ಲಿ ದಕ್ಷಿಣ ಕೊರಿಯಾದಲ್ಲಿ 76 ಗಂಡಸರ ಮೇಲೆ 24 ವಾರ ಪ್ರಯೋಗ ನಡೆಯಿತು. ದಿನಕ್ಕೆ 400 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಕೂದಲಿನ ಸಂಖ್ಯೆ ಸರಾಸರಿ ನೂರಕ್ಕೆ 40ರಷ್ಟು, ಖಾಲಿ ಮಾತ್ರೆಯವರಲ್ಲಿ 10ರಷ್ಟು ಹೆಚ್ಚಿತು. ಫಲಿತಾಂಶ ಆಶಾದಾಯಕವೇ. ಆದರೆ ಆ ಮಾತ್ರೆಯಲ್ಲಿ ಬೇರೆ ವಸ್ತುಗಳೂ ಇದ್ದವು. ಒಂದು ಸಣ್ಣ ಪ್ರಯೋಗವನ್ನೇ ನಂಬಿ ಚಿಕಿತ್ಸೆ ನಿರ್ಧರಿಸಲಾಗದು.

ವಿಟಮಿನ್ ಡಿ, ಸತು: ಕೂದಲು ಉದುರುವವರ ರಕ್ತದಲ್ಲಿ ಇವು ಕಡಿಮೆ ಇರುವುದು ಉಂಟು. ಕಡಿಮೆ ಇದ್ದರೆ ಸರಿಪಡಿಸಬೇಕು. ಕಡಿಮೆ ಇಲ್ಲದವರು ತಿಂದರೆ ಬೋಳುತಲೆ ನಿಲ್ಲುತ್ತದೆ ಎಂಬುದಕ್ಕೆ ಆಧಾರ ದುರ್ಬಲ.

ಪೂರಕಗಳ ಬಗ್ಗೆ ನಡೆದ 30 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಒಂದು ವಿಮರ್ಶೆ 2022ರ ಕೊನೆಯಲ್ಲಿ ಅಮೆರಿಕದ ಚರ್ಮರೋಗ ಪತ್ರಿಕೆಯೊಂದರಲ್ಲಿ ಬಂತು. ಕೆಲವು ಪೂರಕಗಳಿಂದ ಉಪಯೋಗವಾಗಬಹುದು ಎಂದು ಅದು ಒಪ್ಪಿತು. ಇನ್ನೂ ದೊಡ್ಡ, ಕಟ್ಟುನಿಟ್ಟಾದ ಅಧ್ಯಯನ ಬೇಕು ಎಂದೂ ಹೇಳಿತು.

ಉಪಯೋಗಕ್ಕೆ ಬರುವುದು ಯಾವಾಗ?

ಕೊರತೆ ಇದ್ದಾಗ. ನಮ್ಮ ಕಡೆ ಮೊದಲು ನೋಡಬೇಕಾದುದು ಕಬ್ಬಿಣಾಂಶ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ ಇದ್ದವರು ದೇಶದಲ್ಲಿ ನೂರಕ್ಕೆ 57. ಕೇರಳದಲ್ಲಿ 36, ಗೋವಾದಲ್ಲಿ 39, ತಮಿಳುನಾಡಿನಲ್ಲಿ 53, ಮಹಾರಾಷ್ಟ್ರದಲ್ಲಿ 54, ತೆಲಂಗಾಣದಲ್ಲಿ 58, ಆಂಧ್ರಪ್ರದೇಶದಲ್ಲಿ 59. ಗಡಿಯ ಯಾವ ಬದಿಯಲ್ಲಿ ನೋಡಿದರೂ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು.

ಪಿ.ಸಿ.ಓ.ಎಸ್. ಅಥವಾ ಥೈರಾಯ್ಡ್ ಇರುವ ಹೆಂಗಸಿಗೆ ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದ್ದರೆ ಎರಡು ಕಾರಣಗಳು ಸೇರಿ ಕೂದಲು ಉದುರುತ್ತದೆ. ಆಗ ಹಾರ್ಮೋನಿಗೆ ಚಿಕಿತ್ಸೆಯೂ ಬೇಕು, ಕಬ್ಬಿಣಾಂಶವೂ ಬೇಕು. ಒಂದನ್ನೇ ಮಾಡಿದರೆ ಅರ್ಧ ಕೆಲಸ. ಹಿಮೋಗ್ಲೋಬಿನ್ ಸರಿ ಇದ್ದರೂ ದೇಹದ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು. ಅದನ್ನು ತಿಳಿಸುವುದು ಫೆರಿಟಿನ್ ಎಂಬ ರಕ್ತ ಪರೀಕ್ಷೆ.

ಕೊರತೆ ದೃಢಪಟ್ಟರೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಸಾದಾ ಕಬ್ಬಿಣಾಂಶದ ಮಾತ್ರೆಯೇ ದುಬಾರಿ ಡಬ್ಬಿಯ ಕೆಲಸ ಮಾಡುತ್ತದೆ. ಊಟದ ಜೊತೆಗೇ ಚಹಾ, ಕಾಫಿ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಲಿಂಬೆ, ನೆಲ್ಲಿಕಾಯಿ ಸೇರಿಸಿದರೆ ಹೆಚ್ಚುತ್ತದೆ. ಕೂದಲು ಹೆಚ್ಚಿನಂಶ ಪ್ರೋಟೀನಿನಿಂದಲೇ ಆದದ್ದು. ಆದ್ದರಿಂದ ಬೇಳೆ, ಹುರುಳಿ, ಕಡಲೆ, ಮೊಟ್ಟೆ, ಮೀನು ಇವುಗಳಲ್ಲಿ ಮನೆಗೆ ಒಗ್ಗುವುದನ್ನು ದಿನವೂ ತಿನ್ನಬೇಕು.

ಹೆಚ್ಚು ತಿಂದರೆ ಹೆಚ್ಚು ಕೂದಲೇ?

ಅಲ್ಲ. ಕೆಲವು ಪೋಷಕಾಂಶಗಳು ಅತಿಯಾದರೆ ಕೂದಲೇ ಉದುರುತ್ತದೆ. ವಿಟಮಿನ್ ಎ ಮತ್ತು ಸೆಲೆನಿಯಂ ಇದಕ್ಕೆ ಉದಾಹರಣೆ. 2008ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಒಂದು ದ್ರವರೂಪದ ಪುಷ್ಟಿ ಔಷಧದಲ್ಲಿ ತಪ್ಪಿನಿಂದ ಚೀಟಿಯಲ್ಲಿ ಬರೆದದ್ದಕ್ಕಿಂತ 200 ಪಟ್ಟು ಸೆಲೆನಿಯಂ ಸೇರಿತ್ತು. 201 ಜನರಿಗೆ ವಿಷಬಾಧೆಯಾಯಿತು. ಅವರಲ್ಲಿ ಬಹಳ ಮಂದಿಗೆ ಕೂದಲು ಉದುರಿತು.

ಮಹಾರಾಷ್ಟ್ರದ ಓದುಗರಿಗೆ ಬುಲ್ಡಾಣಾ ಜಿಲ್ಲೆಯ ಸುದ್ದಿ ನೆನಪಿರಬಹುದು. 2024ರ ಕೊನೆ ಮತ್ತು 2025ರ ಆರಂಭದಲ್ಲಿ ಶೇಗಾಂವ್ ತಾಲೂಕಿನ ಹಳ್ಳಿಗಳಲ್ಲಿ ನೂರಾರು ಜನರ ಕೂದಲು ಕೆಲವೇ ದಿನಗಳಲ್ಲಿ ಉದುರಿತು. ಪಡಿತರ ಗೋಧಿಯಲ್ಲಿ ಸೆಲೆನಿಯಂ ಹೆಚ್ಚಾಗಿತ್ತು ಎಂದು ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್ ಅವರು ವರದಿ ಮಾಡಿದರು. ಇದೇ ಸೆಲೆನಿಯಂ ಕೂದಲಿನ ಪುಷ್ಟಿ ಮಾತ್ರೆಗಳಲ್ಲೂ ಇರುತ್ತದೆ. ಎರಡು ಮೂರು ಬಗೆಯ ಮಾತ್ರೆಗಳನ್ನು ಒಟ್ಟಿಗೆ ನುಂಗುವವರು ಪ್ರತಿ ಡಬ್ಬಿಯ ಸೆಲೆನಿಯಂ, ವಿಟಮಿನ್ ಎ ಪ್ರಮಾಣವನ್ನು ಕೂಡಿಸಿ ನೋಡಬೇಕು. ಸತುವೂ ಅತಿಯಾದರೆ ದೇಹದ ತಾಮ್ರ ಕಡಿಮೆಯಾಗಿ ರಕ್ತಹೀನತೆ ಬರುತ್ತದೆ.

ಇನ್ನೆರಡು ಅಪಾಯಗಳು ಹಾರ್ಮೋನ್ ತೊಂದರೆ ಇರುವವರಿಗೇ ಸಂಬಂಧಿಸಿದವು.

ಒಂದು, ಬಯೋಟಿನ್ ಹೆಚ್ಚು ಪ್ರಮಾಣದಲ್ಲಿ ರಕ್ತದಲ್ಲಿದ್ದರೆ ಕೆಲವು ಪ್ರಯೋಗಾಲಯ ಪರೀಕ್ಷೆಗಳು ತಪ್ಪು ಉತ್ತರ ಕೊಡುತ್ತವೆ. ಟಿ.ಎಸ್.ಎಚ್. ಇರುವುದಕ್ಕಿಂತ ಕಡಿಮೆ, ಟಿ-4 ಇರುವುದಕ್ಕಿಂತ ಹೆಚ್ಚು ಎಂದು ಬರಬಹುದು. ಥೈರಾಯ್ಡ್ ಕಡಿಮೆ ಇರುವವರ ವರದಿ ಸರಿ ಇದ್ದಂತೆ ಅಥವಾ ಹೆಚ್ಚಾದಂತೆ ಕಾಣಬಹುದು. ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ಹೀಗೆ ತಪ್ಪಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರ ನವೆಂಬರಿನಲ್ಲಿ ಈ ಬಗ್ಗೆ ಎಚ್ಚರಿಕೆ ನೀಡಿತು. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಬೇಕು. ರಕ್ತ ತೆಗೆಯುವವರಿಗೆ ಮತ್ತು ವೈದ್ಯರಿಗೆ ಮಾತ್ರೆಯ ವಿಷಯ ಹೇಳಬೇಕು. ಕಾಸರಗೋಡಿನವರು ಮಂಗಳೂರಿಗೆ, ಜತ್ತದವರು ಮಿರಜಿಗೆ ಹೋಗಿ ವೈದ್ಯರನ್ನು ಕಂಡು, ಪರೀಕ್ಷೆಯನ್ನು ಊರಿನಲ್ಲಿ ಮಾಡಿಸುವುದುಂಟು. ಆಗ ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ಡಬ್ಬಿಯನ್ನೇ ಚೀಲದಲ್ಲಿ ಇಟ್ಟುಕೊಂಡು ಹೋಗುವುದು ಒಳ್ಳೆಯದು.

ಎರಡು, ಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುವವರು ಅದರ ಜೊತೆಗೇ ಕಬ್ಬಿಣ ಅಥವಾ ಕ್ಯಾಲ್ಸಿಯಂ ಇರುವ ಪುಷ್ಟಿ ಮಾತ್ರೆ ನುಂಗಿದರೆ ಥೈರಾಕ್ಸಿನ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕೂದಲಿಗೆಂದು ತಿಂದ ಮಾತ್ರೆಯೇ ಕೂದಲಿನ ಚಿಕಿತ್ಸೆಯನ್ನು ಕೆಡಿಸುತ್ತದೆ. ಎರಡರ ನಡುವೆ 4 ಗಂಟೆ ಅಂತರ ಇರಬೇಕು. ಸಮುದ್ರಪಾಚಿಯಿಂದ ಮಾಡಿದ, ಅಯೋಡಿನ್ ಹೆಚ್ಚಿರುವ ಮಾತ್ರೆಗಳನ್ನು ಥೈರಾಯ್ಡ್ ರೋಗಿಗಳು ಕೇಳದೆ ತೆಗೆದುಕೊಳ್ಳಬಾರದು.

ಹಾರ್ಮೋನ್ ತೊಂದರೆಗೆ ಇರುವ ಚಿಕಿತ್ಸೆ

ಮಿನೊಕ್ಸಿಡಿಲ್: ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ತೆಗೆದುಕೊಂಡವರ ಮೈಯಲ್ಲಿ ಕೂದಲು ಬೆಳೆದದ್ದು ಕಂಡು ತಲೆಗೆ ಹಚ್ಚುವ ದ್ರವವಾಗಿ ತಯಾರಿಸಿದರು. ಅಮೆರಿಕದಲ್ಲಿ 1988ರಲ್ಲಿ ಗಂಡಸರಿಗೆ, 1991ರಲ್ಲಿ ಹೆಂಗಸರಿಗೆ ಒಪ್ಪಿಗೆ ಸಿಕ್ಕಿತು. ಮೊದಲ ವಾರಗಳಲ್ಲಿ ಉದುರುವುದು ಹೆಚ್ಚಾದಂತೆ ಕಾಣಬಹುದು. ಫಲ ತಿಳಿಯಲು 4ರಿಂದ 6 ತಿಂಗಳು ಬೇಕು. ನಿಲ್ಲಿಸಿದರೆ ಬಂದ ಕೂದಲು ಹೋಗುತ್ತದೆ. ಬಸುರಿಯರಿಗೆ ಇದು ಬೇಡ.

ಫಿನಾಸ್ಟೆರೈಡ್: ಡಿ.ಎಚ್.ಟಿ. ಕಡಿಮೆ ಮಾಡುವ 1 ಮಿಲಿಗ್ರಾಂ ಮಾತ್ರೆ. ಗಂಡಸರ ಬೋಳುತಲೆಗೆ 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯಾಯಿತು. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗುವುದು, ಮನಸ್ಸು ಕುಸಿಯುವುದು ಕಂಡುಬಂದಿದೆ. ಹಾಗಾದರೆ ತಕ್ಷಣ ವೈದ್ಯರಿಗೆ ಹೇಳಬೇಕು. ಗರ್ಭದಲ್ಲಿರುವ ಗಂಡು ಮಗುವಿಗೆ ಹಾನಿ ಮಾಡುವುದರಿಂದ ಬಸುರಿಯರು ಇದರ ಒಡೆದ ಮಾತ್ರೆಯನ್ನು ಮುಟ್ಟಲೂ ಬಾರದು. ವೈದ್ಯರ ಚೀಟಿ ಇಲ್ಲದೆ ಇದನ್ನು ತೆಗೆದುಕೊಳ್ಳಬಾರದು.

ಹೆಂಗಸರಿಗೆ: ಪಿ.ಸಿ.ಓ.ಎಸ್. ಇದ್ದರೆ ತೂಕ ಇಳಿಸುವುದು, ಮುಟ್ಟು ಸರಿಪಡಿಸುವ ಹಾರ್ಮೋನ್ ಮಾತ್ರೆ, ಸ್ಪೈರೊನೊಲ್ಯಾಕ್ಟೋನ್ ಮುಂತಾದವುಗಳನ್ನು ವೈದ್ಯರು ಸೂಚಿಸುತ್ತಾರೆ. ಮಗು ಬೇಕೆಂದಿರುವವರು ಇದನ್ನು ಮೊದಲೇ ತಿಳಿಸಬೇಕು. ಥೈರಾಯ್ಡ್ ಕಡಿಮೆ ಇದ್ದರೆ ಥೈರಾಕ್ಸಿನ್ ಸಾಕು. ಆದರೆ ಕೂದಲು ಮರಳಲು ಕೆಲವು ತಿಂಗಳು ಹಿಡಿಯುತ್ತದೆ.

ಬೋಳುತಲೆಯಲ್ಲಿ ಸಮಯಕ್ಕೆ ಬೆಲೆ ಇದೆ. ಬುಡ ಜೀವಂತವಾಗಿರುವವರೆಗೆ ಚಿಕಿತ್ಸೆ ಫಲ ಕೊಡುತ್ತದೆ. ವರ್ಷಗಟ್ಟಲೆ ಪುಷ್ಟಿ ಮಾತ್ರೆ ನಂಬಿ ಕುಳಿತರೆ ಹಣದ ಜೊತೆ ಆ ಅವಧಿಯೂ ಕೈತಪ್ಪುತ್ತದೆ.

ಡಬ್ಬಿಯ ಮೇಲೆ ಏನು ಓದಬೇಕು?

* ಪೂರಕ ಆಹಾರದ ಡಬ್ಬಿಯ ಮೇಲೆ ಅದು ಆರೋಗ್ಯ ಪೂರಕ, ಔಷಧವಾಗಿ ಬಳಸಲು ಅಲ್ಲ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಇಂಗ್ಲಿಷ್ ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ ಕೇಳಬೇಕು.
* ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು. ಇದು ತಯಾರಕರಿಗೆ ಪರವಾನಗಿ ಇದೆ ಎಂದಷ್ಟೇ ಹೇಳುತ್ತದೆ. ಕೂದಲು ಬೆಳೆಯುತ್ತದೆ ಎಂಬ ಖಾತರಿಯಲ್ಲ.
* ‘ಎಂ.ಜಿ.’ ಎಂದರೆ ಮಿಲಿಗ್ರಾಂ, ‘ಎಂ.ಸಿ.ಜಿ.’ ಎಂದರೆ ಮೈಕ್ರೋಗ್ರಾಂ. 1 ಮಿಲಿಗ್ರಾಂ ಎಂದರೆ 1,000 ಮೈಕ್ರೋಗ್ರಾಂ.
* ಭಾರತದ 1945ರ ಔಷಧ ನಿಯಮಗಳ ‘ಜೆ’ ಅನುಸೂಚಿಯಲ್ಲಿ, ಗುಣಪಡಿಸುತ್ತೇವೆ ಎಂದು ಯಾವ ಔಷಧವೂ ಹೇಳಿಕೊಳ್ಳಬಾರದ ತೊಂದರೆಗಳ ಪಟ್ಟಿ ಇದೆ. ಬೋಳುತಲೆಯೂ ಹೊಸ ಕೂದಲು ಬೆಳೆಸುವುದೂ ಅದರಲ್ಲಿವೆ. ‘ಶೇ. 100 ಖಚಿತ’ ಎಂಬ ಮಾತು ಕಂಡರೆ ಡಬ್ಬಿಯನ್ನು ಕೆಳಗಿಡಿ.

ಮೊದಲು ಏನು ಮಾಡಬೇಕು?

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಂದಲೇ ಆರಂಭಿಸಬಹುದು. ಅಗತ್ಯವಿದ್ದರೆ ಅವರು ಚರ್ಮರೋಗ ಅಥವಾ ಸ್ತ್ರೀರೋಗ ತಜ್ಞರ ಬಳಿಗೆ ಕಳಿಸುತ್ತಾರೆ. ಉದುರುವುದು ಯಾವಾಗ ಶುರುವಾಯಿತು, ಅದಕ್ಕೆ ಮೂರು ತಿಂಗಳ ಹಿಂದೆ ಜ್ವರ, ಹೆರಿಗೆ ಏನಾದರೂ ಆಗಿತ್ತೇ, ಮುಟ್ಟು ಹೇಗಿದೆ, ಮನೆಯಲ್ಲಿ ಯಾರಿಗೆ ಬೋಳುತಲೆ, ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನು ಬರೆದುಕೊಂಡು ಹೋಗಿ. ಹಿಮೋಗ್ಲೋಬಿನ್, ಫೆರಿಟಿನ್, ಟಿ.ಎಸ್.ಎಚ್. ಸಾಮಾನ್ಯವಾಗಿ ಮೊದಲು ಮಾಡಿಸುವ ಪರೀಕ್ಷೆಗಳು. ಮುಟ್ಟಿನ ತೊಂದರೆ ಇದ್ದರೆ ಗಂಡು ಹಾರ್ಮೋನಿನ ಪರೀಕ್ಷೆಯನ್ನೂ ಹೇಳಬಹುದು.

ನಾಣ್ಯದಾಕಾರದಲ್ಲಿ ಕೂದಲು ಹೋಗಿದ್ದರೆ, ತಲೆಯ ಚರ್ಮದಲ್ಲಿ ನೋವು, ಕೀವು, ಹೊಪ್ಪಳ ಇದ್ದರೆ ಅದು ಹಾರ್ಮೋನಿನ ಬೋಳುತಲೆಯಲ್ಲ. ಹೆಂಗಸಿಗೆ ಕೆಲವೇ ತಿಂಗಳಲ್ಲಿ ಮುಖದಲ್ಲಿ ಕೂದಲು ಬೆಳೆದು ದನಿ ಗಡಸಾದರೆ ಅದು ಬೇರೆ ಗಂಭೀರ ಕಾಯಿಲೆಯ ಲಕ್ಷಣವಾಗಿರಬಹುದು. ಇಂಥವರು ಮಾತ್ರೆ ಅಂಗಡಿಗೆ ಹೋಗದೆ ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು.

ಪರೀಕ್ಷೆಯಲ್ಲಿ ಕೊರತೆ ಕಂಡುಬಂದರೆ, ಯಾವುದರ ಕೊರತೆಯೋ ಅದೇ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ ತೆಗೆದುಕೊಳ್ಳಿ. ಕೊರತೆ ಇಲ್ಲದಿದ್ದರೆ ಡಬ್ಬಿಗೆ ಕೊಡುವ ಹಣವನ್ನು ಹಾರ್ಮೋನಿನ ಚಿಕಿತ್ಸೆಗೂ ಒಳ್ಳೆಯ ಊಟಕ್ಕೂ ಬಳಸುವುದು ಲಾಭ.